ತುಂಗತ್ತೆಯ ಸೊಂಟದ ಗುಂಡು

ನಮ್ಮೂರ ಕೆರೆಯ ತಳದಲ್ಲಿ ಒಂದು ಜಲಾಂತರ್ಗಾಮಿ ಇದೆ. ಅಣುಶಕ್ತಿಯಿಂದ ನಡೆಯುವಂಥದು, ಹೊಟ್ಟೆಯಲ್ಲಿ ಹದಿನಾರು ಕ್ಷಿಪಣಿಗಳನ್ನು ಇಟ್ಟುಕೊಂಡು ಕೂತಿರುವಂಥದು. ನಾನು ಹುಟ್ಟುವುದಕ್ಕೂ ಮುಂಚಿನಿಂದ ಅದು ಅಲ್ಲಿದೆ. ಒಂದು ಸಲವೂ ಮೇಲೆ ಬಂದದ್ದಿಲ್ಲ. ಅದರ ಉದ್ದ ಕೆರೆಯ ಉದ್ದಕ್ಕಿಂತ ಇಪ್ಪತ್ತು ಮಾರು ಹೆಚ್ಚು ಎಂದು ನಾಲ್ಕನೇ ತರಗತಿಯ ಪಾಠದಲ್ಲೇ ಬರುತ್ತದೆ. ಆ ಪಾಠ ಓದಿದ ಯಾವ ಮಗುವೂ ಈವರೆಗೆ ಕೈಯೆತ್ತಿ ಒಂದು ಪ್ರಶ್ನೆ ಕೇಳಿಲ್ಲ. ನಾನೂ ಕೇಳಲಿಲ್ಲ. ನನಗಾದರೆ ಕೈಯೆತ್ತುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು, ಉಳಿದವರಿಗೆ ಏನಾಗಿತ್ತೋ.

ಇಂಥದೊಂದು ಹಡಗು ಕೆಳಗಿರುವುದರಿಂದ ಯಾವ ವೈರಿಯೂ ನಮ್ಮೂರ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಜನ ಎದೆಯುಬ್ಬಿಸಿ ಹೇಳುತ್ತಾರೆ. ವೈರಿ ಯಾರು ಎಂದು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದರ ಇಂಧನ ಮೂವತ್ತು ವರ್ಷವಾದರೂ ತೀರುವುದಿಲ್ಲವಂತೆ. ಕ್ಷಿಪಣಿಗಳು ಹಾರುವುದಿಲ್ಲ, ಅವು ಹಾರುವುದಕ್ಕಲ್ಲ, ಇರುವುದಕ್ಕೆ ಇರುವಂಥವು. ಒಳಗಿನ ಜನ ಹೊರಗೆ ಬರುವುದಿಲ್ಲ. ಹೀಗಾಗಿ ಅಲ್ಲಿ ಸವೆಯುವುದೆಂದರೆ ತಿರುಪು, ಕವಾಟ, ಬೇರಿಂಗು, ಕೀಲು, ಇಂಥ ಬಿಡಿಭಾಗಗಳು ಮಾತ್ರ. ಅವನ್ನು ಕೊಡುವುದೇ ನಮ್ಮೂರಿನ ಕಸುಬು.

ಊರಿನಲ್ಲಿರುವ ಲೋಹದ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಇದೆ. ಗುರುವಾರ ಬೆಳಿಗ್ಗೆ ಕೆರೆಯ ಕಟ್ಟೆಯ ತುದಿಯಲ್ಲಿ ಕಟ್ಟಿರುವ ಹಗ್ಗ ಅಲುಗುತ್ತದೆ. ಎಳೆದರೆ ಅರಗು ಹಾಕಿದ ಕೊಳವೆ, ಕೊಳವೆಯೊಳಗೆ ಚೀಟಿ, ಚೀಟಿಯ ಮೇಲೆ ಸಂಖ್ಯೆ. ಅಷ್ಟೆ. ಆ ಸಂಖ್ಯೆಯ ವಸ್ತು ಯಾರ ಮನೆಯಲ್ಲಿದ್ದರೂ ಬಿಚ್ಚಿ ತಂದು ಹದಿನೈದು ದಿನದೊಳಗೆ ಪೆಟ್ಟಿಗೆಯಲ್ಲಿಟ್ಟು ಅದೇ ಹಗ್ಗದಲ್ಲಿ ಇಳಿಸಬೇಕು. ತೆಗೆದ ಜಾಗಕ್ಕೆ ಬಡಗಿ ಮೌನೇಶಾಚಾರ್ರು ಮರದಲ್ಲಿ ಅಂಥದ್ದನ್ನೇ ಕಡೆದು, ಬೂದು ಬಣ್ಣ ಬಳಿದು, ಕೂರಿಸಿ ಹೋಗುತ್ತಾರೆ. ಅದಕ್ಕೆ ಬದಲಿ ಎಂದು ಹೆಸರು. ಒಂದು ಸಲ ಬದಲಿ ಕೂತಿತು ಎಂದರೆ ಅದು ಕೆಲಸ ಮಾಡುತ್ತಿದೆ ಎಂದೇ ಲೆಕ್ಕ. ಇಲ್ಲವೆನ್ನುವುದು ನಮ್ಮಲ್ಲಿ ಮರ್ಯಾದಸ್ಥರ ಮಾತಲ್ಲ.

ಮರದ ನಲ್ಲಿಯ ಕೆಳಗೆ ಕೈ ಹಿಡಿದು, ಎರಡೂ ಕೈ ಉಜ್ಜಿ, ಕೊಡವಿ, ಪಂಚೆಗೆ ಒರೆಸಿಕೊಂಡು ಊಟಕ್ಕೆ ಕೂರುವ ನೆಂಟರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮರದ ಫ್ಯಾನಿನ ಕೆಳಗೆ ಬೆವರು ಸುರಿಸುತ್ತಾ "ಏನು ಗಾಳಿ ರೀ ನಿಮ್ಮನೇಲಿ, ಶೀತ ಆಗತ್ತೆ" ಎನ್ನುವವರನ್ನು ನೋಡಿದ್ದೇನೆ. ನಮ್ಮೂರ ಬ್ಯಾಂಡಿನವರ ಕೊಂಬು ತುತ್ತೂರಿಗಳು ಹೋಗಿ ಬಹಳ ಕಾಲವಾಯಿತು. ಅವರು ಮದುವೆಗಳಲ್ಲಿ ಬದಲಿಗಳನ್ನು ಬಾಯಿಗಿಟ್ಟುಕೊಂಡು ಕೆನ್ನೆ ಉಬ್ಬಿಸುತ್ತಾರೆ. ಜನ ತಾಳಕ್ಕೆ ಸರಿಯಾಗಿ ತಲೆದೂಗುತ್ತಾರೆ. ಹೆಣ್ಣು ನೋಡಲು ಬಂದವರ ಮೊದಲ ಪ್ರಶ್ನೆಯೇ "ನಿಮ್ಮ ಮನೆಯಿಂದ ಎಷ್ಟು ಇಳಿದಿವೆ?" ನಲವತ್ತು ಎಂದರೆ ಕಾಫಿ ಕುಡಿಯುತ್ತಾರೆ, ನಾಲ್ಕು ಎಂದರೆ ಲೋಟ ಅಲ್ಲೇ ಇಟ್ಟು ಏಳುತ್ತಾರೆ. ಆ ಲೋಟವೂ ಮರದ್ದೇ.

ನಾನು ಬಿ.ಎ. ಮುಗಿಸಿ ಬಿಡಿಭಾಗಗಳ ಕಚೇರಿಯಲ್ಲಿ ಬರಹಗಾರ್ತಿಯಾಗಿ ಸೇರಿದ್ದೆ. ಯಾರ ಜೊತೆಗೂ ಮಾತಾಡಬೇಕಾಗಿಲ್ಲದ ಕೆಲಸ, ಅದಕ್ಕೇ ಸೇರಿದ್ದು. ದೊಡ್ಡ ರಿಜಿಸ್ಟರಿನಲ್ಲಿ ನಾಲ್ಕು ಅಂಕಣ: ಸಂಖ್ಯೆ, ವಸ್ತು, ಮನೆ, ಸ್ಥಿತಿ. ಸ್ಥಿತಿ ಎಂಬ ಅಂಕಣದಲ್ಲಿ ಬರೆಯಬಹುದಾದದ್ದು ಎರಡೇ ಪದ. ಕೆಲಸ ಮಾಡುತ್ತಿದೆ. ಬದಲಿಗೂ ಅದೇ, ಅಸಲಿಗೂ ಅದೇ.

ಸೇರಿದ ಹೊಸತರಲ್ಲಿ ಊರಿನ ಲೋಹವನ್ನೆಲ್ಲ ಹೊಸದಾಗಿ ಪಟ್ಟಿ ಮಾಡುವ ಆಜ್ಞೆ ಬಂತು. 'ಮನೆಯಲ್ಲಿರುವ ಲೋಹದ ಎಲ್ಲ ವಸ್ತುಗಳು, ಒಂದನ್ನೂ ಬಿಡದೆ' ಎಂದು ನಮೂನೆಯ ನೆತ್ತಿಯಲ್ಲಿತ್ತು. ಊರಿನವರೆಲ್ಲ ಹೇಗೆ ಬರೆಸಿದರೋ, ನಮ್ಮ ಮನೆಯದನ್ನು ನಾನು ನಿಷ್ಠೆಯಿಂದ ಬರೆದೆ. ಪಿನ್ನುಗಳನ್ನೂ ಎಣಿಸಿದೆ. ಬೀರುವಿನಲ್ಲಿ ಅತ್ತೆಯ ಆಸ್ಪತ್ರೆಯ ಕಾರ್ಡು ಸಿಕ್ಕಿತು. ನನ್ನ ಸೋದರತ್ತೆ ತುಂಗತ್ತೆ, ನನ್ನನ್ನು ಸಾಕಿದವಳು, ಆರು ವರ್ಷದ ಹಿಂದೆ ಬಿದ್ದು ಸೊಂಟ ಮುರಿದುಕೊಂಡಾಗ ದೂರದ ಊರಿಗೆ ಹೋಗಿ ಸ್ಟೀಲಿನ ಕೀಲು ಹಾಕಿಸಿಕೊಂಡು ಬಂದಿದ್ದಳು. ನಿಂಬೆಹಣ್ಣಿನ ಗಾತ್ರದ ಒಂದು ಗುಂಡು. ಒಂದನ್ನೂ ಬಿಡದೆ ಎಂದಿದ್ದಾರಲ್ಲ ಎಂದು ಅದನ್ನೂ ಬರೆದೆ. ಏಳು ಸಾವಿರದ ಮುನ್ನೂರ ಹತ್ತೊಂಬತ್ತು. ಸೊಂಟದ ಗುಂಡು. ಕೆಲಸ ಮಾಡುತ್ತಿದೆ. ಓದಿದವಳು ಮಾಡಬಹುದಾದ ಮೂರ್ಖತನಕ್ಕೆ ಒಂದು ಮಿತಿ ಇರಬೇಕಿತ್ತು.

ಎರಡು ವರ್ಷದ ಮೇಲೆ ಒಂದು ಗುರುವಾರ ಚೀಟಿ ಬಂತು. ಸಂಖ್ಯೆ ಹುಡುಕಿಕೊಂಡು ಹೋದ ನನ್ನ ಬೆರಳು ನನ್ನದೇ ದುಂಡು ಅಕ್ಷರದ ಮೇಲೆ ನಿಂತಿತು.

"ಏನಮ್ಮ, ಗುಬ್ಬಚ್ಚಿ ಥರ ಕೂತ್ಬಿಟ್ಟೆ? ನಂಬರು ಸಿಗ್ಲಿಲ್ವೇ?" ಎಂದರು ಜಂಬುನಾಥಯ್ಯನವರು. ಅವರು ಕಚೇರಿಯ ಮುಖ್ಯಸ್ಥರು. ಅವರ ಮನೆಯಿಂದ ನಲವತ್ತೊಂದು ಭಾಗಗಳು ಇಳಿದಿದ್ದವು. ಆ ಅಂಕಿಯನ್ನು ಅವರು ಹೆಸರಿನ ಹಿಂದೆ ಪದವಿಯ ಹಾಗೆ ಬರೆದುಕೊಳ್ಳುತ್ತಿದ್ದರು.

"ಸಿಕ್ತು ಸಾರ್. ನಮ್ಮನೇದೇ. ಅತ್ತೆ ಸೊಂಟದ್ದು."

ಜಂಬುನಾಥಯ್ಯನವರು ಎದ್ದು ನಿಂತರು. "ಸೊಂಟದ್ದಾ? ಮೈಯೊಳಗಿಂದಾ?" ಅವರ ಕಣ್ಣಲ್ಲಿ ನೀರು ಬಂತು, ಅದೊಂದು ಅಸಲಿ ಎಂದು ಈಗಲೂ ಅನ್ನಿಸುತ್ತದೆ. "ಇಷ್ಟು ದಿನ ಅಡುಗೆಮನೆಯಿಂದ ಕೊಟ್ವಿ, ಬಚ್ಚಲಿಂದ ಕೊಟ್ವಿ. ಮೈ ಕೊಟ್ಟಿರ್ಲಿಲ್ಲ ಕಣಮ್ಮ. ಆ ಪುಣ್ಯ ಹೋಗಿ ಹೋಗಿ ಒಬ್ಬ ಬಸ್ ಕಂಡಕ್ಟರಮ್ಮನಿಗೆ ಬಂತಲ್ಲ!"

"ಸಾರ್, ಅದನ್ನ ತೆಗೆದ್ರೆ ನಡೆಯೋಕಾಗಲ್ಲ ಅವರಿಗೆ."

"ಬದಲಿ ಕೂರಿಸ್ತಾರಲ್ಲ."

"ನಾನು ತಪ್ಪಾಗಿ ಬರೆದ್ಬಿಟ್ಟಿದೀನಿ ಸಾರ್. ಹೊಡೆದು ಹಾಕ್ಲಾ?" ಇಷ್ಟು ಉದ್ದದ ಮಾತನ್ನು ಆ ಕಚೇರಿಯಲ್ಲಿ ನಾನು ಆಡಿದ್ದು ಅದೇ ಮೊದಲು.

ಅವರಿಗೆ ನಾನು ಕೆಟ್ಟ ಮಾತು ಆಡಿದೆನೇನೋ ಎನ್ನುವಂತಾಯಿತು. "ಹೊಡೆದು ಹಾಕೋದಾ? ಮೂವತ್ತೆರಡು ವರ್ಷದಿಂದ ಈ ರಿಜಿಸ್ಟರಿನಲ್ಲಿ ಒಂದು ಕಾಟು ಬಿದ್ದಿಲ್ಲ. ಸೊಂಟ ಇನ್ನೊಂದು ಮಾಡಿಸ್ಬೋದು. ರಿಜಿಸ್ಟರು ಇನ್ನೊಂದು ಮಾಡ್ಸಕ್ಕಾಗುತ್ತಾ?"

ತುಂಗತ್ತೆಯ ನಡಿಗೆ ಎಂದರೆ ಏನು ಎಂದು ಇಲ್ಲಿ ಹೇಳಬೇಕು. ನಮ್ಮೂರ ಬಸ್ಸಿನ ಇಂಜಿನ್ನು ಕಂತುಕಂತಾಗಿ ಕೆರೆಗಿಳಿದು ಐದು ವರ್ಷವಾಗಿತ್ತು. ಆದರೂ ಎಂಟೂಕಾಲಿಗೆ ಜನ ಬಂದು ಬಸ್ಸಿನಲ್ಲಿ ಕೂರುತ್ತಾರೆ. ಅತ್ತೆ ಟಿಕೆಟ್ಟು ಹರಿದು ಕೊಡುತ್ತಾಳೆ. ಅವಳ ಪೀಪಿಯೂ ಇಳಿದು ಹೋಗಿರುವುದರಿಂದ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿ "ರೈಟ್" ಎನ್ನುತ್ತಾಳೆ. ಕಾಲು ಗಂಟೆ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ. ಆಮೇಲೆ ಇಳಿದು ಅವರವರ ದಾರಿ ಹಿಡಿಯುತ್ತಾರೆ. ಅತ್ತೆ ಮಾತ್ರ ಎರಡು ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಊರಿಗೆ ಏಳು ಮೈಲಿ ನಡೆದು ಹೋಗಿ, ಔಷಧಿ, ಕಾಗದ, ಕೂಸುಗಳಿಗೆ ಹಾಲಿನ ಪುಡಿ, ಎಲ್ಲ ತಂದು ಸಂಜೆಯೊಳಗೆ ಮನೆಮನೆಗೆ ಮುಟ್ಟಿಸುತ್ತಾಳೆ. ಬಸ್ಸು ಚೆನ್ನಾಗಿ ಓಡುತ್ತಿದೆ ಎಂದು ಊರು ಹೇಳುತ್ತಿದ್ದದ್ದು ಇವಳ ಎರಡು ಕಾಲುಗಳ ಬಲದಿಂದ.

ಸುದ್ದಿ ಹೇಳಿದಾಗ ಅವಳು ಮೊದಲು ನಕ್ಕಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಬರ್ದಿದ್ದು ನೀನೇ ಏನೇ?"

"ಹ್ಞೂಂ."

"ಅಕ್ಷರ ದುಂಡಗಿರ್ಬೇಕು ಅಂತ ಬೆರಳಿಗೆ ಹೊಡ್ದು ಕಲ್ಸಿದ್ದು ನಾನೇ. ಅನುಭವಿಸ್ಬೇಕು."

ನನಗೆ ಅಳು ಬಂತು. ಅವಳು ನನ್ನ ತಲೆ ಸವರಿ, ಎಂದಿನಂತೆ ತರಕಾರಿ ಹೆಚ್ಚಲು ಕೂತಳು. ಈಳಿಗೆ ಹೋಗಿ ವರ್ಷಗಳಾಗಿದ್ದವು. ಒಡೆದ ಗಾಜಿನ ಚೂರಿನಲ್ಲಿ ಹೆಚ್ಚುತ್ತಿದ್ದಳು. ಬದನೆಕಾಯಿ ಅರ್ಧ ಆಗುವಷ್ಟರಲ್ಲಿ ಬೀದಿಯವರೆಲ್ಲ ಸಕ್ಕರೆ, ತೆಂಗಿನಕಾಯಿ ಹಿಡಿದು ಬಂದರು. ಎದುರು ಮನೆಯ ಪದ್ಮಾಸನಿ ಅರಿಶಿನ ಕುಂಕುಮ ಕೊಟ್ಟು, ಹೊಟ್ಟೆಕಿಚ್ಚನ್ನು ಮುಚ್ಚಿಕೊಳ್ಳಲಾರದೆ, "ನಮ್ಮನೇದು ಬರೀ ಬಾಗಿಲ ಕೀಲು, ಬಾವಿಯ ರಾಟೆ. ನಿಮಗೆ ಮೈಯೊಳಗಿಂದ್ಲೇ ಕರೆ ಬಂತಲ್ಲ ತುಂಗಮ್ಮ. ಯಾವ ಜನ್ಮದ ಪುಣ್ಯವೋ" ಎಂದಳು.

"ನಿಮ್ಮ ದವಡೇಲಿ ಬೆಳ್ಳಿ ತುಂಬಿಸಿದ ಹಲ್ಲೊಂದಿದೆಯಲ್ಲ ಪದ್ಮಾಸನಿ. ಹೈಮಾ, ಆ ರಿಜಿಸ್ಟರು ತಗೊಂಬಾರೇ, ಪಾಪ ಅವರಿಗೂ ಪುಣ್ಯ ಬರ್ಲಿ" ಎಂದು ಅತ್ತೆ ನನ್ನನ್ನು ಕರೆದಳು.

ಪದ್ಮಾಸನಿ ಬಾಯಿ ಮುಚ್ಚಿಕೊಂಡು ಹೋದವಳು ಒಂದು ತಿಂಗಳು ನಮ್ಮೆದುರು ನಗಲಿಲ್ಲ.

ಮಾರನೆಯ ದಿನ ಮೌನೇಶಾಚಾರ್ರು ಅಳತೆಗೆ ಬಂದರು. ಅವರದು ಹೆಸರಿಗೆ ತಕ್ಕ ಬಾಯಿ. ಊರಿನ ಅರ್ಧವನ್ನು ಮರದಲ್ಲಿ ಮಾಡಿಟ್ಟ ಆ ಮನುಷ್ಯ ಆ ಬಗ್ಗೆ ಒಂದು ಮಾತೂ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಅವರ ಉಳಿಯೊಂದಕ್ಕೆ ಮಾತ್ರ ಕೆಳಗಿನಿಂದ ಇನ್ನೂ ಚೀಟಿ ಬಂದಿರಲಿಲ್ಲ.

"ಬೀಟೆ ಮರ ಇದೆ ತುಂಗಮ್ಮ. ಗಟ್ಟಿ. ಅದ್ರಲ್ಲೇ ಮಾಡ್ತೀನಿ."

"ಆಚಾರ್ರೇ, ದೇವರಾಣೆಗೂ ಹೇಳಿ. ನೀವು ಮಾಡಿದ್ದು ಒಂದಾದ್ರೂ ಕೆಲಸ ಮಾಡಿದೆಯಾ?"

ಆಚಾರ್ರು ಬಾಗಿಲ ಕಡೆ ನೋಡಿದರು. ಅಳತೆಯ ದಾರವನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. "ಬಾಗಿಲ ಅಗುಳಿ ಮಾಡುತ್ತೆ. ಮಿಕ್ಕಿದ್ದು..." ಎಂದು ತಡೆದು, "ನಾನು ನಲ್ಲಿ ಮಾಡೋನು ಕಣಮ್ಮ. ನೀರು ಮಾಡೋನಲ್ಲ" ಎಂದರು.

ಅಂಥ ಮಾತು ನಮ್ಮೂರಿನ ಗೋಡೆಗಳ ನಡುವೆ ಹುಟ್ಟಿದ್ದು ಬಹುಶಃ ಅದೇ ಮೊದಲು. ಕಂಬದ ಹಿಂದೆ ನಿಂತಿದ್ದ ನಾನು ಮುಂದೆ ಬಂದೆ. ನನ್ನ ಬಾಯಿಂದ ಮಾತು ತಾನಾಗಿ ಬಂತು. "ಆಚಾರ್ರೇ, ಮರದ ಗುಂಡಿಗೆ ಬೂದು ಬಣ್ಣ ಬಳಿಯೋ ಬದ್ಲು ಸ್ಟೀಲಿನ ಹೊಳಪು ಬರ್ಸಕ್ಕಾಗುತ್ತಾ? ಅದನ್ನೇ ಇಳಿಸಿಬಿಡೋಣ. ಅತ್ತೇದು ಅತ್ತೆ ಹತ್ರಾನೇ ಇರ್ಲಿ."

ಇಬ್ಬರೂ ನನ್ನ ಕಡೆ ತಿರುಗಿದರು. ಇಷ್ಟು ಸಣ್ಣ ಉಪಾಯ ಮೂವತ್ತೆರಡು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಹೊಳೆಯಬೇಕಾದರೆ ಮೊದಲು ಮರವನ್ನು ಮರ ಎಂದು ಒಪ್ಪಿಕೊಂಡಿರಬೇಕು.

"ಸುಳ್ಳು ಭಾಗ ಇಳಿಸಿದ್ರೆ ಊರು ಬಿಡಿಸ್ತಾರೆ ಮಗಾ" ಎಂದರು ಆಚಾರ್ರು.

"ಬಿಡೋಕೆ ಕಾಲಾದ್ರೂ ಇರುತ್ತಲ್ಲ ಆಚಾರ್ರೇ" ಎಂದಳು ಅತ್ತೆ.

ವಸುಪಾಲ ಡಾಕ್ಟರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವರು ಅಂಜುಬುರುಕರು, ಮರದ ಸ್ಟೆತಾಸ್ಕೋಪನ್ನು ರೋಗಿಯ ಎದೆಗಿಟ್ಟು ಕಣ್ಣು ಮುಚ್ಚಿ ಕೇಳಿಸಿಕೊಳ್ಳುವವರು. ಅವರ ಹತ್ತಿರ ಉಳಿದಿದ್ದದ್ದು ಎರಡು ಬ್ಲೇಡು, ಒಂದು ಸೂಜಿ. ಗಟ್ಟಿಮುಟ್ಟಾದ ಹೆಂಗಸಿನ ಸೊಂಟ ಕೊಯ್ಯುವುದಕ್ಕಿಂತ ಕೊಯ್ದೆ ಎಂದು ಹೇಳುವುದು ಅವರಿಗೂ ಸುಲಭ ಕಂಡಿತು. ಅತ್ತೆ ಆಸ್ಪತ್ರೆಯ ಒಳಕೋಣೆಯಲ್ಲಿ ಸೊಂಟಕ್ಕೆ ಬಟ್ಟೆ ಸುತ್ತಿಸಿಕೊಂಡು, ಡಾಕ್ಟರ ಹೆಂಡತಿಯ ಜೊತೆ ಕವಡೆ ಹಾಕಿ ಚೌಕಾಬಾರ ಆಡುತ್ತಾ ಇಪ್ಪತ್ತು ದಿನ ಕಳೆದಳು. ಆಕೆಯ ಬದುಕಿನಲ್ಲಿ ಅಷ್ಟು ದಿನ ಸುಮ್ಮನೆ ಕೂತದ್ದು ಅದೊಂದೇ ಸಲ.

ಈ ನಡುವೆ ಮರದ ಗುಂಡು ಕಚೇರಿಗೆ ಬಂತು. ಆಚಾರ್ರ ಕೈಚಳಕವೋ ಏನೋ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತೂಕ ನೋಡಿ ಕಳಿಸಬೇಕೆಂಬುದು ನಿಯಮ. ನಮ್ಮ ತಕ್ಕಡಿ ಎಂದೋ ಕೆರೆಗಿಳಿದು, ಈಗಿರುವುದು ಅದರ ಬದಲಿ. ಅದರ ಮುಳ್ಳನ್ನು 'ಸರಿ' ಎಂಬುದರ ಮೇಲೆ ಬಣ್ಣದಲ್ಲೇ ಬರೆದಿದ್ದಾರೆ. ಗುಂಡಿಟ್ಟರು, ಸರಿ ಇತ್ತು. ಜಂಬುನಾಥಯ್ಯನವರು ಅದನ್ನು ಅಂಗೈಯಲ್ಲಿ ಎತ್ತಿಕೊಂಡರು. ಒಣಗಿದ ಕೊಬ್ಬರಿ ಗಿಟುಕಿನಷ್ಟೂ ಭಾರವಿರಲಿಲ್ಲ ಅದು.

"ಅಬ್ಬಾ" ಎಂದರು ಅವರು, ಕೈ ಕೆಳಗೆ ಜಗ್ಗಿದಂತೆ ಮಾಡಿ. "ಲೋಹ ಅಂದ್ರೆ ಲೋಹ."

ಕೆರೆಯ ಕಟ್ಟೆಯ ಮೇಲೆ ಊರಿಗೆ ಊರೇ ನೆರೆದಿತ್ತು. ಬ್ಯಾಂಡಿನವರು ಕೆನ್ನೆ ಉಬ್ಬಿಸಿದರು. ಹಾರ ಹಾಕಿದ ಪೆಟ್ಟಿಗೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಟ್ಟರು. ಪೆಟ್ಟಿಗೆ ತೇಲಿತು. ಮರ ತೇಲುತ್ತದೆ ಎಂಬುದು, ಇಷ್ಟೆಲ್ಲ ಯೋಚಿಸಿದ ನಮಗೆ ಒಬ್ಬರಿಗೂ ಹೊಳೆದಿರಲಿಲ್ಲ. ಜನ ಕತ್ತು ಚಾಚಿದರು. ಪೆಟ್ಟಿಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತಾ ದಡದತ್ತ ಬರುತ್ತಿತ್ತು. ಆಚಾರ್ರು ನನ್ನನ್ನು ನೋಡಲಿಲ್ಲ, ನಾನು ಆಚಾರ್ರನ್ನು ನೋಡಲಿಲ್ಲ. ಆಗ ಜಂಬುನಾಥಯ್ಯನವರು ಎರಡೂ ಕೈ ಮೇಲೆತ್ತಿದರು.

"ನೋಡ್ರಪ್ಪಾ ನೋಡಿ! ಇದು ಬಚ್ಚಲಿಂದ ಬಂದ ಕಬ್ಬಿಣ ಅಲ್ಲ. ಮೈಯಿಂದ ಬಂದಿದ್ದು. ಇದರಲ್ಲಿ ಜೀವ ಇದೆ. ಊರಿಗೆ ಕೈ ಮುಗಿದು ಹೋಗೋಣ ಅಂತ ನಿಂತಿದೆ!"

ಜನ ಹೋ ಎಂದು ಕೈ ಮುಗಿದರು. ಆ ಗದ್ದಲದಲ್ಲಿ ಆಚಾರ್ರು ನೀರಿಗಿಳಿದು, ಪೆಟ್ಟಿಗೆಗೆ ನಮಸ್ಕರಿಸುವವರಂತೆ ಬಾಗಿ, ಹಗ್ಗಕ್ಕೆ ಒಂದು ಕಲ್ಲು ಬಿಗಿದರು. ಪೆಟ್ಟಿಗೆ ಇಳಿಯಿತು. ಆಗಷ್ಟೇ ನನಗೊಂದು ಹೆದರಿಕೆ ಬಂತು. ಕೆಳಗೆ ನೂರಕ್ಕೂ ಹೆಚ್ಚು ಜನ ಇದ್ದಾರಂತೆ. ಉಸಿರಾಡುತ್ತಿದ್ದಾರಂತೆ. ಈ ಗುಂಡನ್ನು ಅವರು ಯಾವ ಯಂತ್ರದ ಯಾವ ಸಂದಿಯಲ್ಲಿ ಕೂರಿಸುತ್ತಾರೋ, ಅದರಿಂದ ಏನು ಒಡೆಯುತ್ತದೋ. ಒಂದು ವಾರ ನನಗೆ ಅನ್ನ ಸೇರಲಿಲ್ಲ. ಮುಂದಿನ ಗುರುವಾರ ಕೊಳವೆಯಲ್ಲಿ ಎಂದಿನ ಉತ್ತರ ಬಂತು. 'ಬಂದಿದೆ. ಹೊಂದಿದೆ.' ಹೆದರಿಕೆ ಹೋಗಿ ಆ ಜಾಗದಲ್ಲಿ ಹೇಸಿಗೆ ಬಂದು ಕೂತಿತು. ಕೆಳಗೂ ನಮ್ಮಂಥವರೇ ಇದ್ದಾರೆ.

ಇಪ್ಪತ್ತು ದಿನ ಮುಗಿಸಿ ಅತ್ತೆ ಆಸ್ಪತ್ರೆಯಿಂದ ಮನೆಗೆ ನಡೆದು ಬಂದಳು. ಡಾಕ್ಟರು ಹೇಳಿಕೊಟ್ಟಂತೆ ಎರಡು ದಿನ ಕುಂಟಿದಳು. ಮೂರನೆಯ ದಿನ ಮರೆತಳು. ಚೀಲ ಹೆಗಲಿಗೇರಿತು, ಏಳು ಮೈಲಿ ಹೋಗಿ ಸಂಜೆಯೊಳಗೆ ಬಂದಳು. ಬೀದಿಯವರು ಬದಲಿಯ ಬಗ್ಗೆ ಆಡಬೇಕಾದ ಮಾತನ್ನು ಎಂದಿನಂತೆ ಆಡಿದರು. "ಎಷ್ಟು ಚೆನ್ನಾಗಿ ನಡೀತಿದೀರಿ ತುಂಗಮ್ಮ." ಆಡಿ ಮುಗಿಸಿ, ಅವಳು ನಿಜವಾಗಿಯೂ ನಡೆಯುತ್ತಿರುವುದನ್ನು ನೋಡಿ, ಬಾಯಿ ತೆರೆದುಕೊಂಡೇ ನಿಂತರು. ಸುಳ್ಳು ಹೇಳಿ ಹೇಳಿ ಸವೆದ ನಾಲಗೆಯ ಮೇಲೆ ನಿಜ ಬಂದು ಕೂತರೆ ಅದರ ರುಚಿಯೇ ಅವರಿಗೆ ಗೊತ್ತಾಗಲಿಲ್ಲ. ಅಸಲಿ ಒಳಗೇ ಇದೆಯೇನೋ ಎಂಬ ಅನುಮಾನ ಒಬ್ಬರಿಗಾದರೂ ಬರಬೇಕಲ್ಲ? ಬರಲಿಲ್ಲ. ಅವರಿಗೆ ಬಂದದ್ದು ಇಷ್ಟೇ: ನೋಡಿದ್ರಾ, ಬದಲಿ ಅಂದ್ರೆ ಹೀಗಿರುತ್ತೆ. ಸಭೆಗಳಲ್ಲಿ ಅತ್ತೆಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕತೊಡಗಿದರು. ಅಲ್ಲಿಯವರೆಗೆ ಅದು ಜಂಬುನಾಥಯ್ಯನವರ ಕುರ್ಚಿಯಾಗಿತ್ತು.

ಅವರು ಎರಡು ತಿಂಗಳು ಎರಡನೆಯ ಸಾಲಿನಲ್ಲಿ ಕೂತರು. ಆಮೇಲೆ ಒಂದು ಮಧ್ಯಾಹ್ನ ನನ್ನ ಮೇಜಿನ ಬಳಿ ಬಂದು, ಗಂಟಲು ಸರಿಮಾಡಿಕೊಂಡು, "ರಿಜಿಸ್ಟರು ತೆಗಿಯಮ್ಮ. ಬರ್ಕೋ. ಬಲಗಾಲಿನ ಮಂಡಿ ಕೀಲು, ಸ್ಟೀಲಿಂದು. ಒಂದು. ನನ್ನ ಮನೆ" ಎಂದರು.

ನಾನು ಪೆನ್ನು ಕೆಳಗಿಟ್ಟೆ. ಒಂಬತ್ತು ವರ್ಷದ ಹಿಂದೆ ಅವರು ಯಾತ್ರೆಗೆಂದು ಎರಡು ತಿಂಗಳ ರಜೆ ಹಾಕಿ ಹೋಗಿದ್ದರು ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾತ್ರೆ ಹೋದದ್ದು ಎಲ್ಲಿಗೆ ಎಂದು ಈಗ ತಿಳಿಯಿತು. ಒಂದನ್ನೂ ಬಿಡದೆ ಎಂದು ಊರಿಗೆಲ್ಲ ನಮೂನೆ ಹಂಚಿದ ಮನುಷ್ಯ ತನ್ನ ಮಂಡಿಯನ್ನು ಮಾತ್ರ ಪಂಚೆಯಡಿ ಮುಚ್ಚಿಟ್ಟುಕೊಂಡು ಓಡಾಡಿದ್ದರು.

"ಕೆಳಗಿಂದ ಚೀಟಿ ಬಂದಿಲ್ಲ ಸಾರ್."

"ಕೇಳಿದ್ಮೇಲೆ ಕೊಡೋದು ದೊಡ್ಡದಾ, ಕೇಳ್ದೆ ಕೊಡೋದು ದೊಡ್ಡದಾ? ಬರಿ, ಬರಿ."

ಈ ಸುದ್ದಿ ಹೇಳಿದಾಗ ಅತ್ತೆ ಊಟ ಬಿಟ್ಟು ಎದ್ದಳು. "ಮುಠ್ಠಾಳ ಮುಂಡೇದು" ಎಂದಳು. ಕೈ ತೊಳೆದುಕೊಂಡು, "ಬಾರೇ ನನ್ಜೊತೆ" ಎಂದು ನನ್ನನ್ನೂ ಎಳೆದುಕೊಂಡು ಅವರ ಮನೆಗೆ ನಡೆದಳು. ದಾರಿಯಲ್ಲಿ ನಾನು ಅವಳ ಸೆರಗು ಹಿಡಿದು, "ಹೇಳ್ಬೇಡ ಅತ್ತೆ. ಊರು ಬಿಡಿಸ್ತಾರೆ. ಅಷ್ಟೇ ಅಲ್ಲ, ಕೊಯ್ದು ತೆಗೀತಾರೆ" ಎಂದೆ.

"ತೆಗೆದ್ರೆ ತೆಗೀಲಿ. ಅವನು ನನ್ನ ನೋಡಿ ಕಾಲು ಕಳ್ಕೊಂಡ್ರೆ ಆ ಕಾಲು ನನ್ನ ಕೊರಳಿಗೆ ಬೀಳುತ್ತೆ."

ಜಂಬುನಾಥಯ್ಯನವರು ಜಗಲಿಯಲ್ಲಿ ಕೂತಿದ್ದರು. ಅತ್ತೆ ಸುತ್ತಿಬಳಸಲಿಲ್ಲ. "ನೋಡಿ ಸ್ವಾಮಿ, ನನ್ನ ಸೊಂಟದಲ್ಲಿರೋದು ಬದಲಿ ಅಲ್ಲ. ಅದೇ ಹಳೇ ಸ್ಟೀಲು. ನೀವು ಕೆರೆಗಿಳಿಸಿದ್ದು ಆಚಾರ್ರು ಕಡೆದ ಮರ. ತಪ್ಪು ನಂದು. ನಿಮ್ಮ ಮಂಡೀನ ಮುಟ್ಟಬೇಡಿ" ಎಂದಳು.

ಅವರ ತುಟಿಯ ಮೇಲೆ ಒಂದು ನಗು ಹರಡಿತು, ಎಲ್ಲ ಗೊತ್ತಾದವರ ನಗು.

"ತುಂಗಮ್ಮ, ನೀವು ಬಹಳ ಜಾಣೆ. ಊರಲ್ಲಿ ಮೈ ಕೊಟ್ಟೋರು ಒಬ್ರೇ ಇರ್ಲಿ ಅಂತ ತಾನೇ?"

"ನಿಮ್ಮ ಕುರ್ಚಿ ನಿಮಗೇ ಇರ್ಲಿ ಸ್ವಾಮಿ, ನನಗೆ ಬೇಡ! ಮರದ ಸೊಂಟ ಇಟ್ಕೊಂಡು ಏಳು ಮೈಲಿ ನಡೆಯೋಕಾಗುತ್ತಾ ನೀವೇ ಹೇಳಿ!"

"ನಡೀತಿದೀರಲ್ಲ" ಎಂದರು ಅವರು. "ನಾನೇ ಕಣ್ಣಾರೆ ನೋಡಿದೀನಿ. ತೂಕಾನೂ ನಾನೇ ನೋಡಿದೀನಿ. ಲೋಹದ ಭಾರ ನನಗೆ ಗೊತ್ತಾಗಲ್ವೇ? ಹೋಗಿ, ಕಾಫಿ ಕುಡಿದು ಹೋಗಿ."

ಅತ್ತೆ ಕಾಫಿ ಕುಡಿಯಲಿಲ್ಲ.

ವಸುಪಾಲ ಡಾಕ್ಟರು ಮತ್ತದೇ ಉಪಾಯ ಮಾಡಿಯಾರು ಎಂದು ನಾನು ನೆಚ್ಚಿಕೊಂಡಿದ್ದೆ. ಅವರೂ ಹಾಗೇ ಅಂದುಕೊಂಡಿದ್ದರಂತೆ. ಆದರೆ ಜಂಬುನಾಥಯ್ಯನವರು ಸೊಂಟದ ಕೆಳಗೆ ಮಾತ್ರ ಮರಗಟ್ಟುವ ಸೂಜಿ ಚುಚ್ಚಿಸಿಕೊಂಡು, ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿ, ಎದುರಿಗೊಂದು ನಿಲುವುಗನ್ನಡಿ ಹಿಡಿಸಿ, ತಮ್ಮ ಭಾಗ ಹೊರಗೆ ಬರುವುದನ್ನು ಕಣ್ಣಾರೆ ನೋಡಬೇಕೆಂದು ಕೂತರು. ಡಾಕ್ಟರು ಬೇಡ ಎಂದರು, ಆಗುವುದಿಲ್ಲ ಎಂದರು. ಆದರೆ ತುಂಗಮ್ಮನ ಸೊಂಟ ಕೊಯ್ಯಲೇ ಇಲ್ಲ ಎಂದು ಮಾತ್ರ ಹೇಳಲಿಲ್ಲ. ಅಂಜುಬುರುಕರು ತಮ್ಮ ಕುತ್ತಿಗೆಯನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕೊಯ್ಯಬಲ್ಲರು. ಆಚಾರ್ರ ಬೀಟೆ ಮರದ ಮಂಡಿ ಕೂತಿತು. ಸ್ಟೀಲಿನ ಮಂಡಿ ಹಾರ ಹಾಕಿಸಿಕೊಂಡು, ಒಂದಿಷ್ಟೂ ತೇಲದೆ, ನೇರವಾಗಿ ಕೆರೆಗಿಳಿಯಿತು. ಬಂದಿದೆ, ಹೊಂದಿದೆ ಎಂದು ಉತ್ತರವೂ ಬಂತು.

ಆರು ವಾರದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಇಬ್ಬರು ಜವಾನರು ಅವರನ್ನು ಕುರ್ಚಿಯ ಸಮೇತ ಹೊತ್ತುಕೊಂಡು ಕಚೇರಿಗೆ ತಂದರು. ಬಾಗಿಲಿಗೆ ತಳಿರು ತೋರಣ ಕಟ್ಟಿತ್ತು. "ಇಳಿಸ್ರಯ್ಯ. ಇಲ್ಲಿಂದ ನಾನೇ ನಡೀತೀನಿ" ಎಂದರು. ಬಾಗಿಲಿನಿಂದ ಅವರ ಮೇಜಿಗೆ ಎಂಟು ಹೆಜ್ಜೆ. ನಾವೆಲ್ಲ ಎದ್ದು ನಿಂತೆವು. ಅವರು ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬಲಗಾಲು ನೆಲಕ್ಕೆ ಹೂಳಿದ ಗೂಟದ ಹಾಗೆ ನಿಂತಿತ್ತು. ಅದನ್ನು ಎಳೆಯಲು ನೋಡಿದರು. ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ತೂಗಾಡಿತು.

"ಎಷ್ಟು ಸಲೀಸು ನೋಡಿ" ಎಂದರು ಒಬ್ಬ ಗುಮಾಸ್ತರು.

"ಮೊದಲಿಗಿಂತ ಬಿರುಸಾಗೇ ಬರ್ತಿದಾರಪ್ಪ."

"ಬಂದೇಬಿಟ್ರಲ್ಲ!" ಎನ್ನುತ್ತಾ ಮತ್ತೊಬ್ಬರು ಮೇಜಿನ ಹಿಂದಿನ ಖಾಲಿ ಕುರ್ಚಿಯನ್ನು ಎಳೆದು ಸರಿಮಾಡಿ, ಅದರ ಮುಂದೆ ಸಹಿಗೆಂದು ಒಂದು ಫೈಲು ಬಿಡಿಸಿಟ್ಟರು.

ಜಂಬುನಾಥಯ್ಯನವರು ಅವರ್ಯಾರನ್ನೂ ನೋಡಲಿಲ್ಲ. ನನ್ನನ್ನು ನೋಡಿದರು. "ಹೈಮಾ... ಸ್ಥಿತಿ ಬರ್ಕೊಂಡ್ಯೇನಮ್ಮ?" ಎಂದರು. ದನಿ ಸಣ್ಣಗಿತ್ತು. ಮೂವತ್ತೆರಡು ವರ್ಷ ಎಲ್ಲವೂ ಗೊತ್ತಿದ್ದ ಆ ಕಣ್ಣುಗಳಲ್ಲಿ ಮೊದಲ ಸಲ ಒಂದು ಪ್ರಶ್ನೆ ಇತ್ತು. ಯಾರಾದರೂ ಒಬ್ಬರು ಇಲ್ಲ ಎನ್ನಲಿ ಎಂದು ಅದು ಕೇಳುತ್ತಿತ್ತು. ನನಗೆ ಅದರಲ್ಲಿ ಅನುಮಾನವೇ ಇಲ್ಲ. ಇಲ್ಲ ಸಾರ್, ನೀವು ನಡೀತಿಲ್ಲ, ಕೂತ್ಕೊಳ್ಳಿ. ಇಷ್ಟೇ ಹೇಳಬೇಕಾಗಿದ್ದದ್ದು. ಆದರೆ ಮರದ ಮಂಡಿ ನಡೆಯುವುದಿಲ್ಲ ಎಂದು ನಾನು ಹೇಳಿದ ಕ್ಷಣವೇ, ಹಾಗಾದರೆ ಮರದ ಸೊಂಟ ಹೇಗೆ ನಡೆಯಿತು ಎಂದು ಈ ಕೋಣೆಯಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಹೊಳೆಯುತ್ತದೆ. ಆ ಹೊತ್ತಿಗೆ ತುಂಗತ್ತೆ ಹೆಗಲಿಗೆ ಎರಡು ಚೀಲ ಹಾಕಿಕೊಂಡು ಪಕ್ಕದ ಊರಿನ ಹಾದಿಯಲ್ಲಿ ಎರಡನೆಯ ಮೈಲಿಯಲ್ಲೋ ಮೂರನೆಯ ಮೈಲಿಯಲ್ಲೋ ಇದ್ದಿರಬೇಕು.

ನಾನು ತಲೆ ತಗ್ಗಿಸಿ, ರಿಜಿಸ್ಟರು ಬಿಡಿಸಿ, ದುಂಡು ಅಕ್ಷರದಲ್ಲಿ ಬರೆದೆ. ಕೆಲಸ ಮಾಡುತ್ತಿದೆ.

"ಬರೆದೆ ಸಾರ್" ಎಂದೆ. ಶಾಯಿ ಆರಿಸಿ ತಲೆಯೆತ್ತಿದಾಗಲೂ ಅವರು ಬಾಗಿಲಲ್ಲೇ ಇದ್ದರು.